ಕಾಟಾದ ಚೀಟಿ ಎಲ್ಲಿ ಹೋಯಿತು: ಯುನಿಕ್ಸ್ ತಂತ್ರಾಂಶದ ಸ್ಥಳಾಂತರದಲ್ಲಿ ಸಿಗ್ನಲ್ ಮತ್ತು ಫೈಫೋ

ಯುನಿಕ್ಸ್ ಕುಟುಂಬದ ಒಂದು ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ನಡೆದ ತಂತ್ರಾಂಶವನ್ನು ಅದೇ ಕುಟುಂಬದ ಇನ್ನೊಂದು ಕಂಪ್ಯೂಟರಿಗೆ ತಂದಾಗ ಎರಡು ಬಗೆಯ ತೊಂದರೆಗಳು ಎದುರಾಗುತ್ತವೆ. ಮೊದಲನೆಯದು ಕಂಪೈಲ್ ಮಾಡುವಾಗಲೇ ಕಾಣುತ್ತದೆ: ಯಾವುದೋ ಲೈಬ್ರರಿ ಇಲ್ಲ, ಯಾವುದೋ ಫಂಕ್ಷನ್ನಿನ ಹೆಸರು ಬೇರೆ. ಇದು ಕಿರಿಕಿರಿಯೇ ಹೊರತು ಅಪಾಯವಲ್ಲ. ತಪ್ಪು ಎಷ್ಟನೇ ಸಾಲಿನಲ್ಲಿದೆ ಎಂಬುದನ್ನು ಯಂತ್ರವೇ ತೋರಿಸಿಕೊಡುತ್ತದೆ. ಎರಡನೆಯದು ಹಾಗಲ್ಲ. ಪ್ರೋಗ್ರಾಂ ಕಂಪೈಲ್ ಆಗುತ್ತದೆ, ಪರೀಕ್ಷೆಯಲ್ಲಿ ಪಾಸಾಗುತ್ತದೆ, ಕೆಲಸಕ್ಕೂ ನಿಲ್ಲುತ್ತದೆ. ಆಮೇಲೆ ಒಂದು ನಡುರಾತ್ರಿ ಸದ್ದಿಲ್ಲದೆ ಸಾಯುತ್ತದೆ, ಇಲ್ಲವೇ ಬದುಕಿದ್ದೂ ಕೆಲಸ ಮಾಡುವುದಿಲ್ಲ. ಲಾಗ್ ಫೈಲಿನಲ್ಲಿ ಒಂದು ಸಾಲೂ ಇರುವುದಿಲ್ಲ. ಇಂಥದರ ಬೆನ್ನು ಹತ್ತಿ ಹೋದವರಿಗೆ ಕೊನೆಗೆ ಸಿಗುವುದು ಬಹಳ ಸಲ ಸಿಗ್ನಲ್, ಇಲ್ಲವೇ ನೇಮ್ಡ್ ಪೈಪ್.

ಸಿಗ್ನಲ್ ಎಂದರೆ ನಡೆಯುತ್ತಿರುವ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಮುಟ್ಟಿಸುವ ಸೂಚನೆ. ಅದರೊಳಗೆ ಹೆಚ್ಚಿನ ವಿವರ ಇರುವುದಿಲ್ಲ, ಒಂದು ಸಂಖ್ಯೆ ಮಾತ್ರ. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹೋಗುವುದು 2ನೇ ಸಂಖ್ಯೆಯ ಸಿಗ್‌ಇಂಟ್. ‘ಕೆಲಸ ಮುಗಿಸಿ ಹೊರಡು’ ಎನ್ನಲು 15ರ ಸಿಗ್‌ಟರ್ಮ್. ಯಾರ ಮಾತನ್ನೂ ಕೇಳದೆ ಕೊಲ್ಲುವುದು 9ರ ಸಿಗ್‌ಕಿಲ್. ಸಿಗ್‌ಕಿಲ್, ಸಿಗ್‌ಸ್ಟಾಪ್ ಎರಡನ್ನು ಬಿಟ್ಟು ಉಳಿದವು ಬಂದಾಗ ಏನು ಮಾಡಬೇಕೆಂದು ಪ್ರೋಗ್ರಾಂ ಮೊದಲೇ ಗೊತ್ತುಮಾಡಿಕೊಳ್ಳಬಹುದು. ಅದಕ್ಕೆಂದು ಬರೆದಿಟ್ಟ ತುಣುಕಿಗೆ ಹ್ಯಾಂಡ್ಲರ್ ಎನ್ನುತ್ತಾರೆ. ಹ್ಯಾಂಡ್ಲರ್ ಇಲ್ಲದಿದ್ದರೆ ಹೆಚ್ಚಿನ ಸಿಗ್ನಲ್‌ಗಳು ಪ್ರೋಗ್ರಾಮನ್ನು ಮುಗಿಸಿಬಿಡುತ್ತವೆ.

ನೇಮ್ಡ್ ಪೈಪ್‌ನ ಇನ್ನೊಂದು ಹೆಸರು ಫೈಫೋ. ಮೊದಲು ಬಂದದ್ದು ಮೊದಲು ಹೋಗುವ ಸಾಲು ಅದು. ಡಿಸ್ಕಿನ ಡೈರೆಕ್ಟರಿಯಲ್ಲಿ ಫೈಲಿನಂತೆ ಹೆಸರು ಕಾಣುತ್ತದೆ, ಆದರೆ ಡಿಸ್ಕಿನಲ್ಲಿ ಏನೂ ಬರೆಯಲ್ಪಡುವುದಿಲ್ಲ. ಒಂದು ಪ್ರೋಗ್ರಾಂ ಈ ಕಡೆಯಿಂದ ಬರೆದದ್ದನ್ನು ಇನ್ನೊಂದು ಆ ಕಡೆಯಿಂದ ಓದುತ್ತದೆ. ನಡುವೆ ಕರ್ನಲ್ ತನ್ನ ನೆನಪಿನಲ್ಲಿ ಸ್ವಲ್ಪ ಜಾಗ ಕೊಟ್ಟಿರುತ್ತದೆ. ಪರಸ್ಪರ ಗುರುತೇ ಇಲ್ಲದ ಎರಡು ಪ್ರೋಗ್ರಾಂಗಳನ್ನು ಜೋಡಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಶುರುಮಾಡಿದರು. ಅವರ ಸಹೋದ್ಯೋಗಿ ಡಗ್ಲಸ್ ಮೆಕಿಲ್‌ರಾಯ್ 1964ರಿಂದಲೂ ಹೇಳುತ್ತ ಬಂದಿದ್ದ ಪೈಪ್‌ನ ಕಲ್ಪನೆ 1973ರಲ್ಲಿ ಅದರೊಳಗೆ ಬಂತು. ಹೆಸರಿರುವ ಪೈಪ್ ಬಂದದ್ದು 1980ರ ದಶಕದ ಆರಂಭದ ಸಿಸ್ಟಮ್ 3 ಆವೃತ್ತಿಯಲ್ಲಿ. ಅಷ್ಟು ಹೊತ್ತಿಗೆ ಮನೆ ಒಡೆದಾಗಿತ್ತು. ಎಟಿ ಅಂಡ್ ಟಿಯ ಸಿಸ್ಟಮ್ 5 ಒಂದು ಕಡೆ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಬಿಎಸ್‌ಡಿ ಇನ್ನೊಂದು ಕಡೆ. ಸೋಲಾರಿಸ್, ಎಐಎಕ್ಸ್, ಎಚ್‌ಪಿ-ಯುಎಕ್ಸ್ ಎಂದು ಕಂಪನಿಗೊಂದು ಯುನಿಕ್ಸ್ ಹುಟ್ಟಿತು; 1991ರಲ್ಲಿ ಲಿನಕ್ಸ್ ಸೇರಿತು. ಆ್ಯಪಲ್‌ನ ಮ್ಯಾಕ್ಓಎಸ್ ಕೂಡ ಬಿಎಸ್‌ಡಿಯ ನೆಂಟನೇ. ಇವೆಲ್ಲ ಒಪ್ಪಬೇಕಾದ ಕರಾರನ್ನು 1988ರಲ್ಲಿ ಪೋಸಿಕ್ಸ್ ಎಂಬ ಮಾನದಂಡ ಬರೆದಿಟ್ಟಿತು. ಆದರೆ ಸದಸ್ಯರು ಒಪ್ಪದ ಕಡೆಗಳಲ್ಲಿ ಅದೂ ಜಾಣತನದಿಂದ ‘ಅನಿರ್ದಿಷ್ಟ’ ಎಂದು ಬರೆದು ಮುಂದೆ ಹೋಯಿತು. ಸ್ಥಳಾಂತರದ ತೊಂದರೆಗಳಲ್ಲಿ ದೊಡ್ಡ ಪಾಲು ಈ ಪದದ ಕೆಳಗೆ ಮನೆ ಮಾಡಿಕೊಂಡಿದೆ.

ಭಾರತಕ್ಕೂ ಇದಕ್ಕೂ ಹಳೆಯ ನಂಟು. ರಿಸರ್ವ್ ಬ್ಯಾಂಕ್ ನೇಮಿಸಿದ್ದ ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಬ್ಯಾಂಕ್ ಶಾಖೆಗಳಿಗೆ ಬಂದ ಕಂಪ್ಯೂಟರುಗಳಲ್ಲಿ ಹಲವು ಯುನಿಕ್ಸ್ ಮೇಲೆ ನಡೆಯುತ್ತಿದ್ದವು. ಬೆಂಗಳೂರಿನ ಇನ್ಫೋಸಿಸ್ ರೂಪಿಸಿದ ಬ್ಯಾಂಕ್ಸ್ 2000, ಅದರ ಮುಂದಿನ ರೂಪವಾದ ಫಿನಾಕಲ್ ಕೂಡ ಬೇರೆ ಬೇರೆ ಕಂಪನಿಗಳ ಯುನಿಕ್ಸ್ ಮೇಲೆ ನಡೆಯಬೇಕಾಗಿದ್ದ ತಂತ್ರಾಂಶಗಳು. ಆ ಕಾಲದ ದುಬಾರಿ ಸರ್ವರುಗಳು ಹಳತಾಗಿ ಅವುಗಳ ಜಾಗಕ್ಕೆ ಲಿನಕ್ಸ್ ಬಂದಾಗ, ಹಳೆಯ ಪ್ರೋಗ್ರಾಂಗಳನ್ನು ಹೊಸ ಯಂತ್ರಕ್ಕೆ ಹೊಂದಿಸುವುದೇ ಒಂದು ಉದ್ಯೋಗವಾಯಿತು.

ವಿಷಯವನ್ನು ಕೈಗೆ ಸಿಗುವಂತೆ ಮಾಡಲು ಒಂದು ಕಲ್ಪಿತ ಕಾರ್ಖಾನೆ ಸಾಕು. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರುಂಡ ಜಮಖಂಡಿ, ಮುಧೋಳ, ಬೀಳಗಿ ಸೀಮೆ ಕಬ್ಬಿನ ನಾಡು. ಅಲ್ಲಿನ ಒಂದು ಸಕ್ಕರೆ ಕಾರ್ಖಾನೆ ಎಂದಿಟ್ಟುಕೊಳ್ಳಬಹುದು. ಹಂಗಾಮು ಶುರುವಾದರೆ ಕಬ್ಬಿನ ಟ್ರ್ಯಾಕ್ಟರುಗಳು ಹಗಲು ರಾತ್ರಿ ಕಾಟಾದ, ಅಂದರೆ ಗಾಡಿ ತೂಗುವ ತಕ್ಕಡಿಯ, ಮುಂದೆ ಸಾಲುಗಟ್ಟುತ್ತವೆ. ಮೂರು ಕಾಟಾಗಳಲ್ಲಿ ಒಂದೊಂದಕ್ಕೂ ತೂಕ ಓದುವ ಒಂದು ಪ್ರೋಗ್ರಾಂ. ಮೂರೂ ತಮ್ಮ ಲೆಕ್ಕವನ್ನು ಒಂದೇ ಫೈಫೋಗೆ ಬರೆಯುತ್ತವೆ. ಆಚೆ ತುದಿಯಲ್ಲಿ ಚೀಟಿಯ ಪ್ರೋಗ್ರಾಂ ಅದನ್ನು ಓದಿ ರೈತನ ಖಾತೆಗೆ ಏರಿಸಿ ಚೀಟಿ ಮುದ್ರಿಸುತ್ತದೆ. ಪಾಳಿ ಬದಲಾದಾಗ ಒಂದು ಸ್ಕ್ರಿಪ್ಟ್ ಚೀಟಿಯ ಪ್ರೋಗ್ರಾಮಿಗೆ ಸಿಗ್ನಲ್ ಕಳಿಸಿ ಆ ಪಾಳಿಯ ಲೆಕ್ಕ ಮುಚ್ಚಿಸುತ್ತದೆ. ಇಷ್ಟೂ ಸೋಲಾರಿಸ್ ಮೇಲೆ ಬಹುಕಾಲ ನಡೆದಿದೆ. ಈಗ ಲಿನಕ್ಸ್‌ಗೆ ಬಂದಿದೆ.

ಮೊದಲ ಎಡವಟ್ಟು ಯಂತ್ರ ಚಾಲೂ ಆಗುವಾಗಲೇ ಆಗಬಹುದು. ಫೈಫೋವನ್ನು ಓದಲು ತೆರೆದ ಪ್ರೋಗ್ರಾಂ, ಬರೆಯುವವನು ಬಂದು ಆ ತುದಿ ತೆರೆಯುವತನಕ ಅಲ್ಲೇ ಕಾಯುತ್ತದೆ. ಬರೆಯುವವನೂ ಅಷ್ಟೇ, ಓದುವವನು ಬರುವತನಕ ಕಾಯುತ್ತಾನೆ. ಇದು ದೋಷವಲ್ಲ, ಪೋಸಿಕ್ಸ್‌ನ ಕರಾರು. ಹಳೆಯ ಯಂತ್ರದ ಸ್ಕ್ರಿಪ್ಟುಗಳು ಒಂದಾದ ಮೇಲೊಂದು, ಗೊತ್ತಾದ ಕ್ರಮದಲ್ಲಿ ಓಡುತ್ತಿದ್ದವು. ಈಗಿನ ಲಿನಕ್ಸ್‌ನ ಸೇವೆಗಳನ್ನು ಚಾಲೂ ಮಾಡುವ ಸಿಸ್ಟಮ್‌ಡಿ ಹಲವನ್ನು ಒಟ್ಟಿಗೆ ಎಬ್ಬಿಸುತ್ತದೆ. ಕ್ರಮ ಬದಲಾದಾಗ ಯಾರೋ ಒಬ್ಬರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಕಾಯದೆ ತೆರೆಯುವ ಆಯ್ಕೆಯೂ ಇದೆ, ಆದರೆ ಅದರ ನಡತೆ ಎರಡು ತುದಿಗೆ ಎರಡು ತರಹ: ಓದುವವನಿಗೆ ತಕ್ಷಣ ಬಾಗಿಲು ತೆರೆಯುತ್ತದೆ, ಬರೆಯುವವನಿಗೆ ಆಚೆ ಯಾರೂ ಇಲ್ಲವೆಂಬ ದೋಷಸಂದೇಶ ಬರುತ್ತದೆ. ಒಂದೇ ಪ್ರೋಗ್ರಾಂ ಓದುವುದಕ್ಕೂ ಬರೆಯುವುದಕ್ಕೂ ಸೇರಿಸಿ ಫೈಫೋವನ್ನು ತೆರೆದರೆ ಏನಾಗಬೇಕು ಎಂಬುದನ್ನು ಪೋಸಿಕ್ಸ್ ಹೇಳುವುದೇ ಇಲ್ಲ. ಲಿನಕ್ಸ್‌ನಲ್ಲಿ ಅದು ಕಾಯದೆ ತೆರೆಯುತ್ತದೆ. ಆ ಗುಣವನ್ನು ನೆಚ್ಚಿ ಬರೆದ ಪ್ರೋಗ್ರಾಂಗಳು ಸಾಕಷ್ಟಿವೆ. ಲಿನಕ್ಸ್‌ನಿಂದ ಆಚೆಗೆ ಒಯ್ಯುವಾಗ ಅವುಗಳಿಗೆ ಯಾವ ಖಾತ್ರಿಯೂ ಇಲ್ಲ.

ಎರಡನೆಯದು, ಫೈಫೋ ಇರಬೇಕಾದ ಕಡೆ ಫೈಫೋವೇ ಇಲ್ಲದಿರುವುದು. ತಾತ್ಕಾಲಿಕ ಡೈರೆಕ್ಟರಿಯಲ್ಲಿ ಇಟ್ಟ ಹೆಸರು ಯಂತ್ರ ಮತ್ತೆ ಚಾಲೂ ಆದಾಗ ಅಳಿಸಿಹೋಗಬಹುದು. ಆಗ ಆದೇಶಗಳನ್ನು ನಡೆಸುವ ಶೆಲ್‌ನ ಬಾಣದ (>) ಗುರುತಿನಿಂದ ಬರೆಯುವ ಸ್ಕ್ರಿಪ್ಟ್ ಅದೇ ಹೆಸರಿನಲ್ಲಿ ಒಂದು ಸಾಮಾನ್ಯ ಫೈಲನ್ನು ತಾನೇ ಸೃಷ್ಟಿಸಿಬಿಡುತ್ತದೆ. ಬರೆಯುವವನಿಗೆ ಎಲ್ಲ ಸರಿಯಾಗಿದೆ ಎನ್ನಿಸುತ್ತದೆ, ಓದುವವನು ಫೈಲಿನ ಕೊನೆ ಮುಟ್ಟಿ ಹೊರಡುತ್ತಾನೆ, ಡಿಸ್ಕ್ ತುಂಬುತ್ತ ಹೋಗುತ್ತದೆ. ಡೈರೆಕ್ಟರಿಯ ವಿವರವಾದ ಪಟ್ಟಿ ತೆಗೆದು ಸಾಲಿನ ಮೊದಲ ಅಕ್ಷರ ‘ಪಿ’ ಇದೆಯೇ ಎಂದು ನೋಡುವುದು ಅರ್ಧ ನಿಮಿಷದ ಕೆಲಸ. ಪತ್ತೆಯ ಮೊದಲ ಹೆಜ್ಜೆ ಅದೇ ಆಗಿರಬೇಕು, ಬಹಳ ಸಲ ಅದು ಕೊನೆಯದಾಗಿರುತ್ತದೆ.

ಇದರ ಜೊತೆಗೆ 2018ರ ಲಿನಕ್ಸ್ 4.19ರಿಂದ ಒಂದು ಹೊಸ ಕಾವಲೂ ಸೇರಿದೆ. ಎಲ್ಲರೂ ಬರೆಯಬಹುದಾದ ತಾತ್ಕಾಲಿಕ ಡೈರೆಕ್ಟರಿಯಲ್ಲಿ ಬೇರೊಬ್ಬ ಬಳಕೆದಾರ ಮಾಡಿಟ್ಟ ಫೈಫೋಗೆ, ‘ಇಲ್ಲದಿದ್ದರೆ ಸೃಷ್ಟಿಸು’ ಎಂಬ ಆಯ್ಕೆಯೊಂದಿಗೆ ಬರೆಯಹೊರಟರೆ, ಈ ಕಾವಲು ಚಾಲೂ ಇದ್ದಲ್ಲಿ, ಕರ್ನಲ್ ತಡೆಯುತ್ತದೆ. ಶೆಲ್‌ನ ಬಾಣ ಯಾವಾಗಲೂ ಆ ಆಯ್ಕೆಯನ್ನು ಬಳಸುತ್ತದೆ. ಎಲ್ಲ ಅಧಿಕಾರವಿರುವ ಸಾಕ್ಷಾತ್ ರೂಟ್ ಬಳಕೆದಾರನಿಗೂ ‘ಅನುಮತಿ ಇಲ್ಲ’ ಎಂಬ ಉತ್ತರ ಬಂದಾಗ ಅನುಭವಿಗಳೂ ಬೆಪ್ಪಾಗುತ್ತಾರೆ. ಫೈಫೋಗೆ ತನ್ನದೇ ಡೈರೆಕ್ಟರಿ ಮಾಡಿಕೊಟ್ಟರೆ ಈ ತಂಟೆ ಇಲ್ಲ.

ಪೆನ್ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಫೈಲ್ ಪದ್ಧತಿಯಲ್ಲಿ ಫೈಫೋಗೆ ಜಾಗವೇ ಇಲ್ಲ. ಆ್ಯಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಹಾಕಿಕೊಂಡು ಕಲಿಯುವ ವಿದ್ಯಾರ್ಥಿ ಫೋನಿನ ಹಂಚಿಕೆಯ ಸಂಗ್ರಹದಲ್ಲಿ ಫೈಫೋ ಮಾಡಹೊರಟರೂ ಇದೇ ಗತಿ. ಟರ್ಮಕ್ಸ್‌ನ ಸ್ವಂತ ಡೈರೆಕ್ಟರಿಯಲ್ಲಿ ಅದು ಆಗುತ್ತದೆ. ಎನ್ಎಫ್ಎಸ್ ಮೂಲಕ ಎರಡು ಯಂತ್ರಗಳು ಒಂದೇ ಡೈರೆಕ್ಟರಿಯನ್ನು ಹಂಚಿಕೊಂಡಿದ್ದರೆ ಇನ್ನೊಂದು ಮೋಸ ಕಾದಿದೆ. ಫೈಫೋದ ಹೆಸರು ಎರಡೂ ಕಡೆ ಕಾಣುತ್ತದೆ, ಮಾಹಿತಿ ಮಾತ್ರ ದಾಟುವುದಿಲ್ಲ. ಒಂದೊಂದು ಯಂತ್ರದ ಕರ್ನಲ್‌ಗೂ ಅದು ತನ್ನದೇ ಪೈಪ್.

ಇನ್ನು ಫೈಫೋದ ಕೊನೆ ಎಂದರೇನು ಎಂಬ ಪ್ರಶ್ನೆ. ಬರೆಯುವವರೆಲ್ಲ ತಮ್ಮ ತುದಿ ಮುಚ್ಚಿದರೆ ಓದುವವನಿಗೆ ಸೊನ್ನೆ ಬೈಟು ಸಿಗುತ್ತದೆ, ಅಂದರೆ ಫೈಲು ಮುಗಿಯಿತು ಎಂಬ ಅರ್ಥ. ನಡುರಾತ್ರಿ ಗಾಡಿಗಳಿಲ್ಲದೆ ಮೂರೂ ಕಾಟಾಗಳ ಪ್ರೋಗ್ರಾಂ ಮುಚ್ಚಿದರೆ ಚೀಟಿಯ ಪ್ರೋಗ್ರಾಂ ಇದನ್ನೇ ಕಾಣುತ್ತದೆ. ಸರಳವಾಗಿ ಬರೆದದ್ದಾದರೆ ಹೊರಟುಹೋಗುತ್ತದೆ. ಮತ್ತೆ ಮತ್ತೆ ಓದುವಂತೆ ಬರೆದದ್ದಾದರೆ ಸೊನ್ನೆಯನ್ನೇ ಓದುತ್ತ ಪ್ರೊಸೆಸರನ್ನು ನೂರಕ್ಕೆ ನೂರು ತಿನ್ನುತ್ತದೆ. ಹಳಬರು ಕಂಡುಕೊಂಡ ಉಪಾಯ ಸರಳ: ಓದುವ ಪ್ರೋಗ್ರಾಂ ತಾನೇ ಅದೇ ಫೈಫೋದ ಬರೆಯುವ ತುದಿಯನ್ನೂ ಒಮ್ಮೆ ತೆರೆದು ಸುಮ್ಮನೆ ಹಿಡಿದಿರುವುದು. ಬರೆಯುವವನೊಬ್ಬ ಸದಾ ಇದ್ದಾನೆ ಎಂದು ಕರ್ನಲ್ ತಿಳಿಯುತ್ತದೆ, ಕೊನೆ ಬರುವುದೇ ಇಲ್ಲ.

ಮೂರು ಕಾಟಾ ಒಂದೇ ಪೈಪಿಗೆ ಬರೆದಾಗ ಒಂದರ ಸಾಲಿನ ನಡುವೆ ಇನ್ನೊಂದರ ಸಾಲು ನುಸುಳದಂತೆ ಪೋಸಿಕ್ಸ್ ಒಂದು ಭರವಸೆ ಕೊಡುತ್ತದೆ. ಗೊತ್ತಾದ ಮಿತಿಯೊಳಗಿನ ಬರವಣಿಗೆ ಒಡೆಯದೆ ಹೋಗುತ್ತದೆ. ಮಿತಿ ಎಷ್ಟೆಂಬುದು ಮಾತ್ರ ಆಯಾ ಯುನಿಕ್ಸ್‌ಗೆ ಬಿಟ್ಟದ್ದು, 512 ಬೈಟಿಗೆ ಕಡಿಮೆ ಇರಬಾರದು ಅಷ್ಟೇ. ಮ್ಯಾಕ್ಓಎಸ್‌ನಲ್ಲಿ ಅದು 512, ಲಿನಕ್ಸ್‌ನಲ್ಲಿ 4,096, ಸೋಲಾರಿಸ್‌ನಲ್ಲಿ 5,120. ಒಂದೊಂದು ದಾಖಲೆಯೂ 5,000 ಬೈಟ್ ಇದ್ದ ಪಕ್ಷದಲ್ಲಿ ಸೋಲಾರಿಸ್ ಮೇಲೆ ಅದು ಎಂದೂ ಒಡೆದಿರುವುದಿಲ್ಲ. ಲಿನಕ್ಸ್‌ನಲ್ಲಿ ಗಾಡಿಗಳು ಕಡಿಮೆ ಇದ್ದಾಗ ಒಡೆಯುವುದಿಲ್ಲ, ದಟ್ಟಣೆ ಹೆಚ್ಚಿದಾಗ ಒಬ್ಬ ರೈತನ ಹೆಸರಿನ ಮುಂದೆ ಇನ್ನೊಬ್ಬನ ತೂಕ ಬಂದು ಕೂರುತ್ತದೆ. ಕಾಟಾದ ಬಗ್ಗೆ ಮೊದಲೇ ಗುಮಾನಿ ಇರುವ ಸೀಮೆಯಲ್ಲಿ ಇದನ್ನು ತಂತ್ರಾಂಶದ ತಪ್ಪೆಂದು ಯಾರು ನಂಬುತ್ತಾರೆ?

ಪೈಪಿಗೆ ಹೋಗುವ ಮೊದಲೇ ಮಾಹಿತಿ ತಡೆಯುವ ಇನ್ನೊಂದು ಜಾಗವಿದೆ. ಸಿ ಭಾಷೆಯ ಲೈಬ್ರರಿ, ಪರದೆಗೆ ಬರೆಯುವಾಗ ಸಾಲು ಮುಗಿದ ಕೂಡಲೇ ಕಳಿಸುತ್ತದೆ. ಪೈಪಿಗಾದರೆ ತನ್ನ ಬಫರ್ ತುಂಬುವತನಕ ಹಿಡಿದಿಡುತ್ತದೆ. ಲಿನಕ್ಸ್‌ನಲ್ಲಿ ರೂಢಿಯಲ್ಲಿರುವ ಜಿಲಿಬ್‌ಸಿಯಲ್ಲಿ ಪೈಪಿನ ಬಫರ್ 4,096 ಬೈಟ್. ಸಾಲೊಂದಕ್ಕೆ 60 ಬೈಟ್ ಎಂದರೆ ಸುಮಾರು 68 ಗಾಡಿಗಳು ತೂಗಿ ಹೋದ ಮೇಲೆ ಅಷ್ಟೂ ಚೀಟಿಗಳು ಒಮ್ಮೆಲೇ ಹೊರಬೀಳುತ್ತವೆ. ಪರದೆಯ ಮೇಲೆ ಪರೀಕ್ಷಿಸಿದವನಿಗೆ ಇದು ಕಾಣುವುದೇ ಇಲ್ಲ. ಪ್ರತಿ ದಾಖಲೆಯ ನಂತರ ಬಫರ್ ಖಾಲಿ ಮಾಡುವ ಒಂದು ಸಾಲು ಸೇರಿಸಿದರೆ ಕೆಲಸ ಮುಗಿಯಿತು.

ಪೈಪಿನ ಒಟ್ಟು ಸಾಮರ್ಥ್ಯದ್ದು ಬೇರೆಯೇ ಲೆಕ್ಕ. ಲಿನಕ್ಸ್‌ನಲ್ಲಿ ಮೊದಲು 4,096 ಬೈಟ್ ಇದ್ದದ್ದು 2.6.11ರಿಂದ 65,536 ಆಯಿತು. ಅದು ತುಂಬಿದರೆ ಬರೆಯುವವನು ನಿಲ್ಲಬೇಕು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿ ಚೀಟಿಯ ಪ್ರೋಗ್ರಾಂ ತಡೆದರೆ ಹೊಸ ಯಂತ್ರದಲ್ಲಿ ಕಾಟಾ ಬಹುಹೊತ್ತು ಏನೂ ಆಗದಂತೆ ನಡೆಯುತ್ತಿರುತ್ತದೆ, ಸಾಮರ್ಥ್ಯ ಸಣ್ಣದಿದ್ದ ಯಂತ್ರದಲ್ಲಿ ಬೇಗ ನಿಲ್ಲುತ್ತದೆ. ದೋಷ ಒಂದೇ, ತೋರುವ ಸಮಯ ಬೇರೆ.

ಇಂಥ ಆಕಸ್ಮಿಕ ಗುಣಗಳನ್ನು ಪ್ರೋಗ್ರಾಂಗಳು ಎಷ್ಟು ನೆಚ್ಚಿರುತ್ತವೆ ಎಂಬುದಕ್ಕೆ ಲಿನಕ್ಸ್ ಕರ್ನಲ್ಲೇ ಸಾಕ್ಷಿ. 2020ರ ಜನವರಿಯಲ್ಲಿ ಬಂದ 5.5ನೇ ಆವೃತ್ತಿಯಲ್ಲಿ ಪೈಪ್‌ನ ಒಳಗಿನ ಕೆಲಸವನ್ನು ಹೊಸದಾಗಿ ಬರೆಯಲಾಗಿತ್ತು. ಹಿಂದೆ ಪ್ರತಿ ಬರವಣಿಗೆಗೂ ಓದುವವನನ್ನು ಎಬ್ಬಿಸುತ್ತಿದ್ದ ಕರ್ನಲ್, ಪೈಪ್ ಖಾಲಿ ಇದ್ದಾಗ ಬಂದ ಬರವಣಿಗೆಗೆ ಮಾತ್ರ ಎಬ್ಬಿಸತೊಡಗಿತು. ನಿಯಮದ ಪ್ರಕಾರ ಇದರಲ್ಲಿ ತಪ್ಪಿರಲಿಲ್ಲ. ಆದರೆ ಆ್ಯಂಡ್ರಾಯ್ಡ್‌ನ ಅನೇಕ ಆ್ಯಪ್‌ಗಳು ಬಳಸುವ ರೆಲ್ಮ್ ಎಂಬ ಲೈಬ್ರರಿ, ಪೈಪನ್ನು ಓದಿ ಖಾಲಿ ಮಾಡದೆಯೇ ಪ್ರತಿ ಬರವಣಿಗೆಗೂ ಎಚ್ಚರವಾಗುವ ಹಳೆಯ ಗುಣವನ್ನು ನಂಬಿಕೊಂಡಿತ್ತು. ಅದು ಕೆಟ್ಟಿತು. ಕೊನೆಗೆ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2021ರಲ್ಲಿ, 5.14ನೇ ಆವೃತ್ತಿಗಾಗಿ, ಹಳೆಯ ನಡತೆಯನ್ನೇ ಮರಳಿ ತಂದರು. ಬಳಕೆದಾರರ ಪ್ರೋಗ್ರಾಂ ತಪ್ಪಾಗಿದ್ದರೂ ಅದನ್ನು ಕರ್ನಲ್ ಕೆಡಿಸಬಾರದು ಎಂಬ ಹಟ ಅವರದು. ಒಂದು ಯುನಿಕ್ಸ್‌ನಿಂದ ಇನ್ನೊಂದಕ್ಕೆ ಹೋಗುವವರಿಗೆ ಇಂಥ ಕಾವಲುಗಾರರು ಯಾರೂ ಇಲ್ಲ.

ಸಿಗ್ನಲ್‌ಗಳ ವಿಷಯಕ್ಕೆ ಬಂದರೆ ಮೊದಲ ಬಲೆ ಸಂಖ್ಯೆಗಳದ್ದು. 1, 2, 9, 13, 14, 15 ಎಲ್ಲ ಕಡೆ ಒಂದೇ. ಉಳಿದವುಗಳಲ್ಲಿ ಹಲವು ಊರಿಗೊಂದು. ಪ್ರೋಗ್ರಾಂ ಬರೆಯುವವರ ಸ್ವಂತ ಉಪಯೋಗಕ್ಕೆಂದು ಬಿಟ್ಟ ಸಿಗ್‌ಯೂಸರ್1 ಸೋಲಾರಿಸ್‌ನಲ್ಲಿ 16, ಸಾಮಾನ್ಯ ಪಿಸಿಯ ಲಿನಕ್ಸ್‌ನಲ್ಲಿ 10, ಬಿಎಸ್‌ಡಿ ಮತ್ತು ಮ್ಯಾಕ್ಓಎಸ್‌ನಲ್ಲಿ 30. ಕಲ್ಪಿತ ಕಾರ್ಖಾನೆಯ ಪಾಳಿಯ ಸ್ಕ್ರಿಪ್ಟಿನಲ್ಲಿ ಹೆಸರಿನ ಬದಲು 16 ಎಂದೇ ಬರೆದಿದ್ದರೆ, ಲಿನಕ್ಸ್‌ನಲ್ಲಿ ಆ ಸಂಖ್ಯೆ ಯಾರೂ ಬಳಸದ ಸಿಗ್‌ಸ್ಟ್ಯಾಕ್‌ಫಾಲ್ಟ್‌ಗೆ ಸೇರಿದ್ದು. ಅದಕ್ಕೆ ಹ್ಯಾಂಡ್ಲರ್ ಇರುವುದಿಲ್ಲ. ರಾತ್ರಿ ಪಾಳಿ ಬದಲಾದ ಕ್ಷಣಕ್ಕೆ ಚೀಟಿಯ ಪ್ರೋಗ್ರಾಂ ಸಾಯುತ್ತದೆ. ಎರಡನೆಯ ಖಾಸಗಿ ಸಿಗ್ನಲ್‌ಗೆ 17 ಎಂದು ಬರೆದಿದ್ದರೆ ಇನ್ನೂ ವಿಚಿತ್ರ. ಲಿನಕ್ಸ್‌ನಲ್ಲಿ 17 ಎಂದರೆ ಮಗು ಪ್ರೋಸೆಸ್ ಮುಗಿಯಿತೆಂಬ ಸುದ್ದಿ, ಅದನ್ನು ತಾನಾಗಿ ಅಲಕ್ಷಿಸಲಾಗುತ್ತದೆ, ಹೀಗಾಗಿ ಏನೂ ಆಗುವುದಿಲ್ಲ. ಮ್ಯಾಕ್ ಮೇಲೆ ಬರೆದ 30 ಲಿನಕ್ಸ್‌ಗೆ ಬಂದರೆ ಅದು ಸಿಗ್‌ಪವರ್, ಕರೆಂಟ್ ಹೋಯಿತೆಂದು ಯುಪಿಎಸ್ ಕಡೆಯಿಂದ ತಿಳಿಸಲು ಇಟ್ಟದ್ದು. ಲಿನಕ್ಸ್‌ನ 10 ಮ್ಯಾಕ್‌ಗೆ ಹೋದರೆ ಸಿಗ್‌ಬಸ್, ನೆನಪಿನ ಜಾಗ ತಪ್ಪಿದ ದೋಷ. ಸಂಖ್ಯೆಯನ್ನು ಹುಡುಕಿ ಹೆಸರು ಬರೆಯುವುದು ಪೋರ್ಟ್ ಮಾಡುವವರ, ಅಂದರೆ ತಂತ್ರಾಂಶವನ್ನು ಸ್ಥಳಾಂತರಿಸುವವರ, ಮೊದಲ ದಿನದ ಕೆಲಸ.

ಎರಡನೇ ಬಲೆ ಸಿಗ್ನಲ್ ಎಂಬ ಹೆಸರಿನ ಫಂಕ್ಷನ್ನಿನಲ್ಲೇ ಇದೆ. ಹ್ಯಾಂಡ್ಲರನ್ನು ನೋಂದಾಯಿಸುವ ಈ ಹಳೆಯ ಫಂಕ್ಷನ್ ಸಿಸ್ಟಮ್ 5ರ ಪರಂಪರೆಯಲ್ಲಿ ಒಮ್ಮೆ ಮಾತ್ರ ಕೆಲಸ ಮಾಡುತ್ತದೆ. ಸಿಗ್ನಲ್ ಬಂದ ಕೂಡಲೇ ನೋಂದಣಿ ರದ್ದಾಗುತ್ತದೆ, ಎರಡನೇ ಸಿಗ್ನಲ್ ಪ್ರೋಗ್ರಾಮನ್ನು ಕೊಲ್ಲುತ್ತದೆ. ಬಿಎಸ್‌ಡಿ ಪರಂಪರೆಯಲ್ಲಿ ನೋಂದಣಿ ಉಳಿಯುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದು ವ್ಯತ್ಯಾಸ. ಪ್ರೋಗ್ರಾಂ ಫೈಫೋದಿಂದ ಓದಲು ಕಾಯುತ್ತಿರುವಾಗ ಸಿಗ್ನಲ್ ಬಂತು, ಹ್ಯಾಂಡ್ಲರ್ ಓಡಿತು. ಆಮೇಲೆ ಆ ಓದಿನ ಗತಿಯೇನು? ಸಿಸ್ಟಮ್ 5ರಲ್ಲಿ ‘ಅಡ್ಡಿಯಾಯಿತು’ ಎಂಬ ಇ-ಇಂಟರ್ ದೋಷದೊಂದಿಗೆ ಓದು ಹಿಂದಿರುಗುತ್ತದೆ. ಬಿಎಸ್‌ಡಿಯಲ್ಲಿ ಏನೂ ಆಗದಂತೆ ಓದು ಮುಂದುವರಿಯುತ್ತದೆ. ಸೋಲಾರಿಸ್ ಮೊದಲ ದಾರಿ ಹಿಡಿದರೆ ಲಿನಕ್ಸ್‌ನ ಜಿಲಿಬ್‌ಸಿ ಎರಡನೆಯದನ್ನು ಹಿಡಿಯಿತು.

ಕಾಟಾದಲ್ಲಿ ಇದರ ಪರಿಣಾಮ ಹೀಗೆ. ಹಳೆಯ ಪ್ರೋಗ್ರಾಮಿನ ಹ್ಯಾಂಡ್ಲರ್ ‘ಪಾಳಿ ಮುಗಿದಿದೆ’ ಎಂದು ಒಂದು ಗುರುತು ಹಾಕಿ ಹಿಂದಿರುಗುತ್ತಿತ್ತು. ಓದು ಅಡ್ಡಿಯಾಗಿ ಮರಳಿದಾಗ ಮುಖ್ಯ ಪ್ರೋಗ್ರಾಂ ಆ ಗುರುತು ನೋಡಿ ಲೆಕ್ಕ ಮುಚ್ಚುತ್ತಿತ್ತು. ಲಿನಕ್ಸ್‌ನಲ್ಲಿ ಗುರುತು ಬೀಳುತ್ತದೆ, ಓದು ಮರಳುವುದಿಲ್ಲ. ಮುಂದಿನ ಟ್ರ್ಯಾಕ್ಟರ್ ಬಂದು ತೂಗಿದ ಮೇಲೆಯೇ ಲೆಕ್ಕ ಮುಚ್ಚುತ್ತದೆ, ಅದೂ ಆ ಗಾಡಿಯನ್ನು ಹಿಂದಿನ ಪಾಳಿಗೆ ಸೇರಿಸಿಕೊಂಡು. ಗಾಡಿಗಳು ಎಡೆಬಿಡದೆ ಬರುವಾಗ ಯಾರಿಗೂ ಗೊತ್ತಾಗದ ಈ ತಪ್ಪು ಹಂಗಾಮಿನ ಕೊನೆಗೆ, ಗಾಡಿ ವಿರಳವಾದಾಗ ಬಯಲಾಗುತ್ತದೆ. ಯಂತ್ರ ಬಂದ್ ಮಾಡುವಾಗಲೂ ಇದೇ ಕಥೆ. ಸಿಗ್‌ಟರ್ಮ್‌ಗೆ ಇಂಥದೇ ಹ್ಯಾಂಡ್ಲರ್ ಇದ್ದರೆ ಪ್ರೋಗ್ರಾಂ ಹೊರಡುವುದಿಲ್ಲ. ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾದು ಸಿಗ್‌ಕಿಲ್ ಕಳಿಸುತ್ತದೆ. ಪರಿಹಾರ ಹೊಸದೇನಲ್ಲ. ಪೋಸಿಕ್ಸ್ ಕೊಟ್ಟ ಸಿಗ್‌ಆ್ಯಕ್ಷನ್ ಫಂಕ್ಷನ್ನಿನಲ್ಲಿ, ಓದು ಮುಂದುವರಿಯಬೇಕೋ ಮರಳಬೇಕೋ ಎಂದು ಬಾಯಿಬಿಟ್ಟು ಹೇಳಬಹುದು. ಹೇಳದೆ ಬಿಟ್ಟರೆ ಕಂಪೈಲರಿಗೆ ಕೊಡುವ ಒಂದು ಆಯ್ಕೆ ಬದಲಾದರೂ ಸಾಕು, ಜಿಲಿಬ್‌ಸಿಯಲ್ಲೇ ಹಳೆಯ ಫಂಕ್ಷನ್ ಸಿಸ್ಟಮ್ 5ರ ಮುಖ ತೋರಿಸುತ್ತದೆ.

ಪೈಪ್ ಮತ್ತು ಸಿಗ್ನಲ್ ಎರಡೂ ಕೂಡುವ ಜಾಗ 13ನೇ ಸಂಖ್ಯೆಯ ಸಿಗ್‌ಪೈಪ್. ಓದುವವರು ಯಾರೂ ಉಳಿದಿಲ್ಲದ ಪೈಪಿಗೆ ಬರೆದರೆ ಇದು ಬರುತ್ತದೆ, ಬರೆಯುವವನು ಸದ್ದಿಲ್ಲದೆ ಸಾಯುತ್ತಾನೆ. ಶೆಲ್‌ನಲ್ಲಿ ಆ ಸಾವಿನ ಗುರುತು 141, ಅಂದರೆ 128ಕ್ಕೆ 13 ಕೂಡಿಸಿದ್ದು. ಸಿಗ್‌ಪೈಪನ್ನು ಅಲಕ್ಷಿಸಿದ್ದರೆ ಸಾವಿನ ಬದಲು ಬರವಣಿಗೆ ಒಂದು ದೋಷವನ್ನು ಹಿಂದಿರುಗಿಸುತ್ತದೆ. ಹ್ಯಾಂಡ್ಲರ್‌ಗಳು ಹೊಸ ಪ್ರೋಗ್ರಾಂ ಶುರುವಾದಾಗ ಅಳಿಯುತ್ತವೆ, ಅಲಕ್ಷ್ಯ ಮಾತ್ರ ತಂದೆಯಿಂದ ಮಗುವಿಗೆ ಆಸ್ತಿಯಂತೆ ಬರುತ್ತದೆ. ಸಿಸ್ಟಮ್‌ಡಿ ತಾನು ನಡೆಸುವ ಸೇವೆಗಳಿಗೆ, ಬೇಡವೆಂದು ಹೇಳದಿದ್ದರೆ, ಸಿಗ್‌ಪೈಪನ್ನು ಅಲಕ್ಷಿಸಿಯೇ ಕೊಡುತ್ತದೆ. ಹೀಗಾಗಿ ಟರ್ಮಿನಲ್‌ನಲ್ಲಿ ಓಡಿಸಿ ನೋಡಿದಾಗ ಸರಿಯಾಗಿ ಸತ್ತ ಕಾಟಾದ ಪ್ರೋಗ್ರಾಂ, ಸೇವೆಯಾಗಿ ನಡೆದಾಗ ಸಾಯುವುದಿಲ್ಲ. ಬರವಣಿಗೆಯ ಫಲವನ್ನು ಅದು ಪರೀಕ್ಷಿಸದಿದ್ದರೆ ಗಾಡಿಯ ಮೇಲೆ ಗಾಡಿ ತೂಗುತ್ತ ಲೆಕ್ಕವನ್ನೆಲ್ಲ ಎಲ್ಲೂ ಇಲ್ಲದ ಕಡೆಗೆ ಬರೆಯುತ್ತ ಹೋಗುತ್ತದೆ. ಕಳೆದುಹೋದ ಚೀಟಿಗಳ ಪತ್ತೆಗೆ ಹೊರಟವರು ತಪ್ಪದೆ ನೋಡಬೇಕಾದ ಜಾಗ ಇದು.

ಹ್ಯಾಂಡ್ಲರಿನೊಳಗೆ ಏನು ಮಾಡಬಹುದು ಎಂಬುದರಲ್ಲಿ ಎಚ್ಚರ ತಪ್ಪಿದರೆ ಎಷ್ಟು ದೊಡ್ಡ ಅನಾಹುತ ಆಗಬಹುದೆಂದು 2024ರಲ್ಲಿ ಜಗತ್ತೇ ಕಂಡಿತು. ಸಿಗ್ನಲ್ ಯಾವ ಕ್ಷಣದಲ್ಲಾದರೂ ಬರಬಹುದು. ಪ್ರೋಗ್ರಾಂ ಆಗಷ್ಟೇ ನೆನಪಿನ ಜಾಗ ಹಂಚುತ್ತ ತನ್ನ ಪಟ್ಟಿಯನ್ನು ಅರ್ಧ ತಿದ್ದಿರಬಹುದು. ಹ್ಯಾಂಡ್ಲರೂ ಅದೇ ಪಟ್ಟಿಗೆ ಕೈಹಾಕಿದರೆ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ಹ್ಯಾಂಡ್ಲರಿನಲ್ಲಿ ಬಳಸಬಹುದಾದ ಸುರಕ್ಷಿತ ಫಂಕ್ಷನ್‌ಗಳ ಪಟ್ಟಿಯನ್ನು ಪೋಸಿಕ್ಸ್ ಕೊಟ್ಟಿದೆ. ದೂರದಿಂದ ಸರ್ವರಿಗೆ ಲಾಗಿನ್ ಆಗಲು ಎಲ್ಲೆಡೆ ಬಳಸುವ ಓಪನ್ಎಸ್ಎಸ್ಎಚ್, ನಿಗದಿತ ಸಮಯದಲ್ಲಿ ಲಾಗಿನ್ ಮುಗಿಯದಿದ್ದರೆ ಸಿಗ್‌ಅಲಾರಂ ಹ್ಯಾಂಡ್ಲರಿನಿಂದ ಲಾಗ್ ಬರೆಯುತ್ತಿತ್ತು. ಆ ತಂತ್ರಾಂಶ ಹುಟ್ಟಿದ್ದು ಓಪನ್‌ಬಿಎಸ್‌ಡಿಯಲ್ಲಿ. ಅಲ್ಲಿ 2001ರಿಂದಲೇ ಲಾಗ್ ಬರೆಯಲು ಸುರಕ್ಷಿತವಾದ ಬೇರೆ ಫಂಕ್ಷನ್ ಇತ್ತು. ಬೇರೆ ಯುನಿಕ್ಸ್‌ಗಳಿಗೆಂದು ಹೊಂದಿಸಿದ ಆವೃತ್ತಿ ಜಿಲಿಬ್‌ಸಿ ಇರುವ ಲಿನಕ್ಸ್ ಮೇಲೆ ನಡೆದಾಗ ಅದೇ ಕೆಲಸ ಅಸುರಕ್ಷಿತವಾಯಿತು. 2006ರಲ್ಲೇ ಕಂಡು ಮುಚ್ಚಿದ್ದ ಈ ತೂತು, 2020ರ ಒಂದು ಬದಲಾವಣೆಯಿಂದ ಮತ್ತೆ ತೆರೆದು 8.5ನೇ ಆವೃತ್ತಿಯಲ್ಲಿ ಹೊರಬಂತು. ಕ್ವಾಲಿಸ್ ಕಂಪನಿಯ ಸಂಶೋಧಕರು 2024ರ ಜುಲೈ 1ರಂದು ಅದನ್ನು ಪ್ರಕಟಿಸಿದರು. ಪಾಸ್‌ವರ್ಡ್ ಇಲ್ಲದೆಯೇ ದೂರದಿಂದ ರೂಟ್ ಅಧಿಕಾರ ದೋಚಬಹುದಾದ ದೋಷ ಅದು, 9.8ರಲ್ಲಿ ಸರಿಯಾಯಿತು. ಓಪನ್‌ಬಿಎಸ್‌ಡಿಗೆ ಏನೂ ಆಗಲಿಲ್ಲ.

ಸುರಕ್ಷಿತ ದಾರಿ ಬಹುಕಾಲದಿಂದ ತಿಳಿದದ್ದೇ. ಹ್ಯಾಂಡ್ಲರ್ ಒಂದು ಗುರುತು ಹಾಕಬೇಕು, ಇಲ್ಲವೇ ಪ್ರೋಗ್ರಾಂ ತನಗಾಗಿ ಮಾಡಿಕೊಂಡ ಪೈಪಿಗೆ ಒಂದೇ ಒಂದು ಬೈಟ್ ಬರೆದು ಸುಮ್ಮನಾಗಬೇಕು. ಉಳಿದದ್ದನ್ನು ಮುಖ್ಯ ಪ್ರೋಗ್ರಾಂ ನೋಡಿಕೊಳ್ಳಬೇಕು. ಈ ಪೈಪಿನ ಉಪಾಯ ಹೇಳಿಕೊಟ್ಟವರು ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೈನ್. ಲಿನಕ್ಸ್‌ಗೆ ಇದಕ್ಕೆಂದೇ 2007ರಲ್ಲಿ ಸಿಗ್ನಲ್‌ಎಫ್‌ಡಿ ಬಂತು, ಫ್ರೀಬಿಎಸ್‌ಡಿಯಲ್ಲಿ ಕೆಕ್ಯೂ ಇದೆ. ಎರಡೂ ಚೆನ್ನ, ಆದರೆ ಒಂದರ ಮೇಲೆ ಬರೆದದ್ದು ಇನ್ನೊಂದರ ಮೇಲೆ ನಡೆಯುವುದಿಲ್ಲ. ಬರ್ನ್‌ಸ್ಟೈನ್‌ರ ಪೈಪ್ ಎಲ್ಲ ಕಡೆ ನಡೆಯುತ್ತದೆ.

ವಿಂಡೋಸ್‌ಗೆ ತರುವುದು ಪೋರ್ಟ್ ಮಾಡುವುದಕ್ಕಿಂತ ಹೊಸದಾಗಿ ಬರೆಯುವುದಕ್ಕೇ ಹತ್ತಿರ. ಅಲ್ಲೂ ನೇಮ್ಡ್ ಪೈಪ್ ಎಂಬುದು ಇದೆ, ಹೆಸರು ಮಾತ್ರ ಒಂದೇ. ಅದು ಡೈರೆಕ್ಟರಿಯಲ್ಲಿ ಫೈಲಾಗಿ ಕೂರುವುದಿಲ್ಲ, ಎರಡೂ ದಿಕ್ಕಿಗೆ ಹರಿಯಬಲ್ಲದು, ಬಳಸುವವರು ಕೈಬಿಟ್ಟರೆ ಮಾಯವಾಗುತ್ತದೆ. ಸಿಗ್ನಲ್‌ಗಳಲ್ಲಿ ಅಲ್ಲಿನ ಸಿ ಲೈಬ್ರರಿ ಗುರುತಿಸುವುದು ಆರನ್ನು. 1995ರಲ್ಲಿ ಶುರುವಾದ ಸಿಗ್ವಿನ್ ಈ ಕೊರತೆಯನ್ನು ಅನುಕರಣೆಯಿಂದ ತುಂಬಿತು. ವಿಂಡೋಸ್‌ನೊಳಗೆ ಲಿನಕ್ಸ್ ನಡೆಸಲು ಮೈಕ್ರೋಸಾಫ್ಟ್‌ನದೇ ಡಬ್ಲ್ಯೂಎಸ್ಎಲ್‌ನ ಎರಡನೇ ಆವೃತ್ತಿ 2019ರಲ್ಲಿ ನಿಜವಾದ ಲಿನಕ್ಸ್ ಕರ್ನಲನ್ನೇ ತಂದು ಕೂರಿಸಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಯುನಿಕ್ಸ್ ಪಠ್ಯದಲ್ಲಿ ಫೈಫೋ, ಸಿಗ್ನಲ್ ಎರಡೂ ಇವೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಆ ಪಾಠ ಮಾಡಿ ನೋಡುವ ವಿದ್ಯಾರ್ಥಿ ಸಿ ಡ್ರೈವಿನಲ್ಲಿ ಫೈಫೋ ಮಾಡಲು ಹೋಗದೆ ಲಿನಕ್ಸ್‌ನ ಮನೆ ಡೈರೆಕ್ಟರಿಯಲ್ಲಿ ಮಾಡಿದರೆ ಒಂದು ಸಂಜೆ ಉಳಿಯುತ್ತದೆ.

ಪ್ರೋಗ್ರಾಮನ್ನು ಪ್ರತ್ಯೇಕ ಆವರಣದಲ್ಲಿ ನಡೆಸುವ ಡಾಕರ್‌ನಂಥ ಕಂಟೇನರುಗಳದ್ದು ಬೇರೆ ಪೇಚು. ಕಂಟೇನರಿನೊಳಗಿನ ಮೊದಲ ಪ್ರೋಸೆಸ್‌ಗೆ ಕರ್ನಲ್ ವಿಶೇಷ ರಕ್ಷಣೆ ಕೊಡುತ್ತದೆ. ಹ್ಯಾಂಡ್ಲರ್ ಇಲ್ಲದ ಸಿಗ್‌ಟರ್ಮ್ ಅದನ್ನು ಮುಟ್ಟುವುದಿಲ್ಲ. ಹೊರಗೆ ಒಂದೇ ಕ್ಷಣದಲ್ಲಿ ನಿಲ್ಲುತ್ತಿದ್ದ ಪ್ರೋಗ್ರಾಂ ಒಳಗೆ 10 ಸೆಕೆಂಡ್ ಹಟ ಹಿಡಿದು ಕೊನೆಗೆ ಸಿಗ್‌ಕಿಲ್‌ಗೆ ಸಾಯುವುದು ಇದರಿಂದ.

ಪತ್ತೆಯ ಸಲಕರಣೆಗಳು ಆಯಾ ಯುನಿಕ್ಸ್‌ನಲ್ಲೇ ಇವೆ. ಪ್ರೋಗ್ರಾಂ ಕರ್ನಲನ್ನು ಏನು ಕೇಳಿತು, ಏನು ಉತ್ತರ ಬಂತು ಎಂಬುದನ್ನು ಸಾಲುಸಾಲಾಗಿ ತೋರಿಸುವುದು ಲಿನಕ್ಸ್‌ನಲ್ಲಿ ಎಸ್‌ಟ್ರೇಸ್, ಸೋಲಾರಿಸ್‌ನಲ್ಲಿ ಟ್ರಸ್, ಬಿಎಸ್‌ಡಿಯಲ್ಲಿ ಕೆಟ್ರೇಸ್. ಕೊನೆಯ ಸಾಲು ಫೈಫೋ ತೆರೆಯುವ ಕೋರಿಕೆಯಾಗಿ ಉತ್ತರ ಬಾರದೆ ನಿಂತಿದ್ದರೆ ಆಚೆ ತುದಿಯಲ್ಲಿ ಯಾರೂ ಇಲ್ಲ ಎಂದರ್ಥ. ಓದು ಸೊನ್ನೆಯನ್ನೇ ಮತ್ತೆ ಮತ್ತೆ ಕೊಡುತ್ತಿದ್ದರೆ ಬರೆಯುವವರು ಮುಚ್ಚಿದ್ದಾರೆ. ಪೈಪಿನ ಯಾವ ತುದಿಯನ್ನು ಯಾರು ಹಿಡಿದಿದ್ದಾರೆಂದು ಎಲ್‌ಎಸ್‌ಓಎಫ್ ಹೇಳುತ್ತದೆ. ಮರೆತು ಮುಚ್ಚದೆ ಬಿಟ್ಟ ತುದಿಗಳು ಅದರಲ್ಲೇ ಸಿಕ್ಕಿಬೀಳುತ್ತವೆ. ಲಿನಕ್ಸ್‌ನ ಪ್ರೋಕ್ ಡೈರೆಕ್ಟರಿಯಲ್ಲಿ ಒಂದೊಂದು ಪ್ರೋಸೆಸ್‌ಗೂ ಇರುವ ಸ್ಥಿತಿಯ ಫೈಲು, ಅದು ಯಾವ ಸಿಗ್ನಲ್ ತಡೆದಿದೆ, ಯಾವುದನ್ನು ಅಲಕ್ಷಿಸಿದೆ, ಯಾವುದಕ್ಕೆ ಹ್ಯಾಂಡ್ಲರ್ ಇಟ್ಟಿದೆ ಎಂಬುದನ್ನು ಹದಿನಾರರ ಪದ್ಧತಿಯ ಅಂಕಿಗಳಲ್ಲಿ ಬರೆದಿಟ್ಟಿರುತ್ತದೆ. ಅಲಕ್ಷ್ಯದ ಸಾಲಿನ ಕೊನೆಯಲ್ಲಿ 1000 ಎಂದಿದ್ದರೆ 13ನೇ ಸಿಗ್ನಲ್, ಅಂದರೆ ಸಿಗ್‌ಪೈಪ್, ಆ ಪ್ರೋಗ್ರಾಂ ಅದನ್ನು ಬಯಸಿರಲಿ ಬಿಡಲಿ, ಅಲಕ್ಷಿತವಾಗಿದೆ.

ಪೋರ್ಟ್ ಮುಗಿಯಿತೆಂದು ಹೇಳುವ ಮುನ್ನ ಕೆಲವು ಕೆಲಸಗಳನ್ನು ಬೇಕೆಂದೇ ಕೆಡಿಸಿ ನೋಡಬೇಕು, ಅದೂ ಟರ್ಮಿನಲ್‌ನಲ್ಲಿ ಅಲ್ಲ, ಮುಂದೆ ನಡೆಯಬೇಕಾದ ಸೇವೆಯ ರೂಪದಲ್ಲೇ. ಬರವಣಿಗೆಯ ನಡುವೆ ಓದುವವನನ್ನು ಕೊಲ್ಲುವುದು, ಓದುವವನನ್ನು ನಿಲ್ಲಿಸಿ 65,536 ಬೈಟ್ ತುಂಬುವತನಕ ಬರೆಯುವುದು, ಒಂದೇ ಸಿಗ್ನಲನ್ನು ಬೆನ್ನಬೆನ್ನಿಗೆ ಎರಡು ಸಲ ಕಳಿಸುವುದು, ಒಂದೂ ಗಾಡಿ ಇಲ್ಲದ ಹೊತ್ತಿನಲ್ಲಿ ಪಾಳಿ ಬದಲಿಸುವುದು, ಯಂತ್ರವನ್ನು ಬಂದ್ ಮಾಡಿ ಚಾಲೂ ಮಾಡುವುದು. ಸಾಮಾನ್ಯ ಸಿಗ್ನಲ್‌ಗಳು ಸಾಲಿನಲ್ಲಿ ನಿಲ್ಲುವುದಿಲ್ಲ. ಮೊದಲನೆಯದನ್ನು ಪ್ರೋಗ್ರಾಂ ಎತ್ತಿಕೊಳ್ಳುವ ಮುನ್ನ ಎರಡನೆಯದು ಬಂದರೆ ಎರಡೂ ಸೇರಿ ಒಂದೇ ಆಗುತ್ತವೆ. ಎರಡು ಸಲ ಕಳಿಸಿ ಒಂದೇ ಸಲ ಲೆಕ್ಕ ಮುಚ್ಚಿದರೆ ಅದು ದೋಷವಲ್ಲ. ಸಿಗ್ನಲ್‌ಗಳನ್ನು ಎಣಿಸಿ ಪಾಳಿಯ ಲೆಕ್ಕ ಇಡುವ ಪ್ರೋಗ್ರಾಂ ಆಗಿದ್ದರೆ ಅದು ಸೋಲಾರಿಸ್‌ನಲ್ಲೂ ತಪ್ಪೇ ಆಗಿತ್ತು, ಅಲ್ಲಿ ಸಿಕ್ಕಿಬಿದ್ದಿರಲಿಲ್ಲ ಅಷ್ಟೇ.